ಬಾಲದಲ್ಲಿರೋದನ್ನು ತಲೆಗೆ ತನ್ನಿ: ಇಂಗ್ಲಿಷಿನ ಇಫ್, ವೆನ್, ಬಿಕಾಸ್ ಬಳಸುವ ದಾರಿ

ಹೋದ ತಿಂಗಳು ಬಿಕಾಂ ಓದುವ ಹುಡುಗಿಯೊಬ್ಬಳು ರಜೆ ಅರ್ಜಿ ಬರೆದು ತಂದು ನನ್ನ ಮುಂದೆ ಇಟ್ಟಳು. ದಿನಾ ಜೇವರ್ಗಿ ಕಡೆಯಿಂದ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋಗುವವಳು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೀಲಿ ಪೆನ್ನು, ಎರಡೇ ಸಾಲು:

"ಬಿಕಾಸ್ ಮೈ ಸಿಸ್ಟರ್ಸ್ ಮ್ಯಾರೇಜ್ ಈಸ್ ದೇರ್ ಸೋ ಐ ಕೆನಾಟ್ ಕಮ್. ಆಫ್ಟರ್ ಮ್ಯಾರೇಜ್ ಫಿನಿಶ್ ಐ ವಿಲ್ ಕಮ್."

"ಸರ್, ಇದ್ರಾಗ ಏನ್ ತಪ್ಪದ ಹೇಳ್ರಿ, ಸ್ಪೆಲಿಂಗ್ ಎಲ್ಲಾ ಬರೋಬ್ಬರಿ ಅವ" ಅಂದಳು.

ಅವಳ ಮಾತು ನಿಜ. ಸ್ಪೆಲಿಂಗ್ ಒಂದೂ ತಪ್ಪಿರಲಿಲ್ಲ. ಬೇಕಾದ ಪದಗಳೆಲ್ಲ ಅವಳಿಗೆ ಗೊತ್ತು. ತಪ್ಪು ಇದ್ದದ್ದು ಎರಡು ಮಾತು ಒಂದಕ್ಕೊಂದು ಸೇರುವ ಜಾಗದಲ್ಲಿ. ಸಂಜೆ ಹೊತ್ತು ನನ್ನ ಹತ್ತಿರ ಇಂಗ್ಲಿಷ್ ಕಲಿಯೋಕೆ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರದು ಇದೇ ಕಥೆ. ಚಿಕ್ಕ ವಾಕ್ಯ ಬೇಕಾದಷ್ಟು ಬರೆಯುತ್ತಾರೆ, ಎರಡನ್ನು ಜೋಡಿಸಿ ಅಂದರೆ ಕೈ ನಿಲ್ಲುತ್ತದೆ.

ಆ ಸೇರುವ ಜಾಗದಲ್ಲಿ ಕೂರುವ ಪದಗಳಿಗೆ ಸಬಾರ್ಡಿನೇಟಿಂಗ್ ಕಂಜಂಕ್ಷನ್ ಅನ್ನುತ್ತಾರೆ. ಇಫ್, ವೆನ್, ಬಿಕಾಸ್, ಆಲ್ದೋ, ಅಂಟಿಲ್, ಅನ್‌ಲೆಸ್, ಬಿಫೋರ್, ಆಫ್ಟರ್, ಸಿನ್ಸ್, ವೈಲ್, ದ್ಯಾಟ್, ಹೀಗೆ. ಹೆಸರು ಉದ್ದ, ಕೆಲಸ ಮಾತ್ರ ಸರಳ: ಒಂದು ಮಾತನ್ನು ಇನ್ನೊಂದರ ಆಸರೆಗೆ ಕಟ್ಟುವುದು. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಮಿಶ್ರ ವಾಕ್ಯ ಅಂತ ಓದಿದ್ದು ನೆನಪಿದೆ ಅಲ್ವಾ? ಒಂದು ಪ್ರಧಾನ ವಾಕ್ಯ, ಅದಕ್ಕೆ ಅಂಟಿಕೊಂಡ ಅಧೀನ ವಾಕ್ಯ. ಅದೇ ಇದು. ಹಾಗಾಗಿ ಇದನ್ನು ಇಂಗ್ಲಿಷಿನಿಂದ ಶುರು ಮಾಡಬೇಡಿ, ನಿಮಗೆ ಚೆನ್ನಾಗಿ ಬರುವ ಕನ್ನಡದಿಂದ ಶುರು ಮಾಡಿ.

ಹೆಜ್ಜೆ 1: ಕನ್ನಡದ ಬಾಲ ಹುಡುಕಿ

ಈ ಮಾತುಗಳನ್ನು ಜೋರಾಗಿ ಓದಿ. ಮಳೆ ಬಂದರೆ. ಮಳೆ ಬಂದಾಗ. ಮಳೆ ಬಂದರೂ. ಮಳೆ ಬಂದಿದ್ದರಿಂದ. ಮಳೆ ಬಂದ ಮೇಲೆ. ಮಳೆ ಬರುವ ಮೊದಲು. ಮಳೆ ಬರುವ ತನಕ.

ಏನು ಬದಲಾಯಿತು? ಮಳೆ ಅನ್ನುವುದು ಹಾಗೇ ಇದೆ, ಬರುವ ಕೆಲಸವೂ ಅದೇ. ಬದಲಾಗಿದ್ದು ಕೊನೆ ಮಾತ್ರ. ಕನ್ನಡದಲ್ಲಿ ಸೇರಿಸುವ ಗುರುತು ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಅದೇ ಗುರುತು ತಲೆಯಲ್ಲಿ ಬಂದು ಕೂರುತ್ತದೆ: ಇಫ್ ಇಟ್ ರೇನ್ಸ್, ವೆನ್ ಇಟ್ ರೇನ್ಸ್, ಬಿಕಾಸ್ ಇಟ್ ರೇನ್ಡ್, ಆಫ್ಟರ್ ಇಟ್ ರೇನ್ಸ್, ಬಿಫೋರ್ ಇಟ್ ರೇನ್ಸ್, ಅಂಟಿಲ್ ಇಟ್ ರೇನ್ಸ್. ನನ್ನ ಅನುಭವದಲ್ಲಿ ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಳೆಯ ಮೇಲೆ ಹೀಗೆ ಮಾಡಿ. ಮೊದಲು ಕನ್ನಡ ವಾಕ್ಯ ಬರೆಯಿರಿ: "ಬಸ್ ಬಂದಾಗ ಫೋನ್ ಮಾಡ್ತೀನಿ." ಬಾಲದ ಕೆಳಗೆ ಗೆರೆ ಎಳೆಯಿರಿ, ಇಲ್ಲಿ "ಆಗ". ಅದರ ಮೇಲೆ "ವೆನ್" ಅಂತ ಬರೆಯಿರಿ. ಈಗ ಆ ವೆನ್‌ನಿಂದ ಬಾಣ ಎಳೆದು "ಬಸ್" ಪದದ ಮುಂದಕ್ಕೆ ತನ್ನಿ. ವೆನ್ ದ ಬಸ್ ಕಮ್ಸ್, ಐ ವಿಲ್ ಕಾಲ್ ಯು. ಆ ಬಾಣವನ್ನು ಪೆನ್ನಿನಲ್ಲಿ ನಿಜವಾಗಲೂ ಎಳೆಯಬೇಕು, ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಒಂದು ವಾರ ಕೈಯಲ್ಲಿ ಎಳೆದವರಿಗೆ ಎರಡನೇ ವಾರ ಬಾಣ ಬೇಕಾಗುವುದಿಲ್ಲ.

ತಲೆ ಅಂದರೆ ಇಡೀ ವಾಕ್ಯದ ತಲೆ ಅಲ್ಲ, ಆ ತುಂಡಿನ ತಲೆ. ತುಂಡನ್ನು ಹಿಂದೆಯೂ ಇಡಬಹುದು: ಐ ವಿಲ್ ಕಾಲ್ ಯು ವೆನ್ ದ ಬಸ್ ಕಮ್ಸ್. ಅಧೀನ ತುಂಡು ಮುಂದೆ ಬಂದರೆ ಅದು ಮುಗಿದಲ್ಲಿ ಕಾಮಾ ಹಾಕಿ. ಹಿಂದೆ ಬಂದರೆ ಸಾಮಾನ್ಯವಾಗಿ ಕಾಮಾ ಬೇಡ. ಕಾಮಾ ವಿಷಯ ಇಷ್ಟು ಸಾಕು.

ಕನ್ನಡದಲ್ಲೂ ಇಂಗ್ಲಿಷಿನ ಹಾಗೆ ಮುಂದೆಯೇ ಬರುವ ಪದ ಒಂದಿದೆ, ಅದು "ಯಾಕಂದರೆ". ಅದಕ್ಕೇ ಎಲ್ಲರಿಗೂ ಬಿಕಾಸ್ ಬೇಗ ಬಾಯಿಗೆ ಬರುತ್ತದೆ. ಆದರೆ ಅಲ್ಲೇ ಒಂದು ತೊಂದರೆ. ಕನ್ನಡದಲ್ಲಿ "ನಾನು ಲೇಟಾಗಿ ಬಂದೆ. ಯಾಕಂದರೆ ಬಸ್ ಕೆಟ್ಟಿತ್ತು." ಅಂತ ನಡುವೆ ಫುಲ್‌ಸ್ಟಾಪ್ ಇಟ್ಟು ಬರೆದರೆ ಯಾರೂ ಏನೂ ಅನ್ನುವುದಿಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ "ಬಿಕಾಸ್ ದ ಬಸ್ ಬ್ರೋಕ್ ಡೌನ್." ಅನ್ನುವುದನ್ನು ಒಂಟಿಯಾಗಿ ನಿಲ್ಲಿಸಿದರೆ ಅದು ಅರ್ಧ ವಾಕ್ಯ, ಮಾರ್ಕ್ಸ್ ಹೋಗುತ್ತದೆ. ಫುಲ್‌ಸ್ಟಾಪ್ ತೆಗೆದು ಒಂದೇ ವಾಕ್ಯ ಮಾಡಿ: ಐ ಕೇಮ್ ಲೇಟ್ ಬಿಕಾಸ್ ದ ಬಸ್ ಬ್ರೋಕ್ ಡೌನ್. ಬಾಯಿಮಾತಿನಲ್ಲಿ ಯಾರಾದರೂ "ವೈ?" ಅಂತ ಕೇಳಿದಾಗ ಬಿಕಾಸ್‌ನಿಂದ ಶುರು ಮಾಡಿ ಅಷ್ಟೇ ಹೇಳಿದರೆ ತೊಂದರೆ ಇಲ್ಲ.

ಹೆಜ್ಜೆ 2: ಯಾರು ಅಂತ ಕೇಳಿ

ಬಾಲ ತಲೆಗೆ ಬಂತು. ಇನ್ನು ಆ ತುಂಡಿನೊಳಗೆ ಏನಿರಬೇಕು ಅನ್ನುವ ಪ್ರಶ್ನೆ. ಕನ್ನಡ ಇಲ್ಲಿ ಬಹಳ ಉದಾರಿ. "ಬಂದ ಮೇಲೆ ಹೇಳು" ಅಂದರೆ ಸಾಕು, ಯಾರು ಬಂದ ಮೇಲೆ ಅನ್ನುವುದು ಎದುರಿಗಿದ್ದವರಿಗೆ ತಿಳಿಯುತ್ತದೆ. ಅದನ್ನೇ "ಆಫ್ಟರ್ ಕಮ್ ಟೆಲ್ ಮಿ" ಅಂತ ಬರೆದರೆ ನಿಲ್ಲುವುದಿಲ್ಲ. ಇಂಗ್ಲಿಷ್ ಪ್ರತಿ ತುಂಡಿಗೂ ಅದರದ್ದೇ ಕರ್ತೃ, ಅದರದ್ದೇ ಪೂರ್ತಿ ಕ್ರಿಯಾಪದ ಕೇಳುತ್ತದೆ. ಅವನು ಬಂದ ಮೇಲೆಯೋ? ಟೆಲ್ ಮಿ ಆಫ್ಟರ್ ಹಿ ಕಮ್ಸ್. ನಾನು ಬಂದ ಮೇಲೆಯೋ? ಟೆಲ್ ಮಿ ಆಫ್ಟರ್ ಐ ಕಮ್.

ನಮ್ಮ ಕಡೆ ಜಾಸ್ತಿ ಕೇಳುವ ವಾಕ್ಯ ಇನ್ನೊಂದಿದೆ. "ಕಾಲೇಜಿಗೆ ಬರುವಾಗ ಬಸ್ ಕೆಟ್ಟಿತು." ಕನ್ನಡದಲ್ಲಿ ಯಾವ ಕೊರತೆಯೂ ಇಲ್ಲ. "ವೈಲ್ ಕಮಿಂಗ್ ಟು ಕಾಲೇಜ್, ದ ಬಸ್ ಬ್ರೋಕ್ ಡೌನ್" ಅಂದರೆ ಬಸ್ಸೇ ಕಾಲೇಜಿಗೆ ಓದೋಕೆ ಬರುತ್ತಿತ್ತು ಅನ್ನುವ ಅರ್ಥ ಬರುತ್ತದೆ. "ಐ" ತನ್ನಿ: ವೈಲ್ ಐ ವಾಸ್ ಕಮಿಂಗ್ ಟು ಕಾಲೇಜ್, ದ ಬಸ್ ಬ್ರೋಕ್ ಡೌನ್. ಪ್ರತಿ ತುಂಡಿನ ಮುಂದೆ ನಿಂತು "ಯಾರು? ಏನು ಮಾಡಿದರು?" ಅಂತ ಕೇಳಿಕೊಳ್ಳಿ. ಎರಡಕ್ಕೂ ಉತ್ತರ ಹಾಳೆಯ ಮೇಲೆ ಕಾಣಬೇಕು.

ಆ ಹುಡುಗಿಯ "ಆಫ್ಟರ್ ಮ್ಯಾರೇಜ್ ಫಿನಿಶ್" ಅನ್ನುವುದೂ ಇಲ್ಲೇ ತಪ್ಪಿತ್ತು. ಮದುವೆ ಏನಾಗುತ್ತದೆ? ಮುಗಿಯುತ್ತದೆ. ಆಫ್ಟರ್ ದ ವೆಡಿಂಗ್ ಈಸ್ ಓವರ್. ಬೇಡ ಅಂದರೆ ಕ್ರಿಯಾಪದವನ್ನೇ ಬಿಟ್ಟು "ಆಫ್ಟರ್ ದ ವೆಡಿಂಗ್" ಅಂತ ಹೇಳಬಹುದು, ಅದೂ ಸರಿ. ನಡುವೆ ನೇತಾಡುವ ಒಂಟಿ "ಫಿನಿಶ್" ಮಾತ್ರ ಬೇಡ.

ಹೆಜ್ಜೆ 3: ಎರಡು ತುಂಡಿಗೆ ಒಂದೇ ಕೊಂಡಿ

"ಬಿಕಾಸ್... ಸೋ", "ಆಲ್ದೋ... ಬಟ್", ಕಾರಣ ಹೇಳುವಾಗ "ಆಸ್... ಸೋ". ಮೂರೂ ತಪ್ಪು. ಒಂದು ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ ಹಾಕಿದ ಹಾಗೆ. ಬಿಕಾಸ್ ಇಟ್ಟರೆ ಸೋ ತೆಗೆಯಿರಿ, ಸೋ ಇಟ್ಟರೆ ಬಿಕಾಸ್ ತೆಗೆಯಿರಿ. ಯಾವುದನ್ನು ಉಳಿಸಿಕೊಂಡರೂ ವಾಕ್ಯ ಸರಿಯಾಗುತ್ತದೆ.

ಈ ತಪ್ಪು ಎಲ್ಲಿಂದ ಬಂತು ಅಂತ ನೋಡಿದರೆ, ನಮ್ಮ ಕಲಬುರಗಿಯಲ್ಲಿ ಕನ್ನಡದ ಜೊತೆ ಉರ್ದು, ಹಿಂದಿಯೂ ದಿನಾ ಕಿವಿಗೆ ಬೀಳುತ್ತದೆ. ಆ ಭಾಷೆಗಳಲ್ಲಿ "ಹಾಲಾಂಕಿ" ಅಂತ ಶುರುವಾದ ಮಾತು ನಡುವೆ "ಲೇಕಿನ್" ಅಂತ ಮುಂದೆ ಹೋಗುವುದುಂಟು. ಅಲ್ಲಿ ಜೋಡಿ ಸರಿ. ಅದನ್ನೇ ಆಲ್ದೋ, ಬಟ್ ಅಂತ ಮಾಡಿದರೆ ಇಂಗ್ಲಿಷ್ ಒಪ್ಪುವುದಿಲ್ಲ. ಎರಡು ಮೂರು ಭಾಷೆ ಆಡುವ ಊರಿನಲ್ಲಿ ಬೆಳೆದದ್ದು ನಿಮ್ಮ ಬಲ, ಅದಕ್ಕೆ ನಾಚಬೇಡಿ. ಯಾವ ಭಾಷೆಯ ಅಭ್ಯಾಸ ಯಾವುದರೊಳಗೆ ನುಸುಳುತ್ತಿದೆ ಅಂತ ಗುರುತಿಸಿದರೆ ಆಯಿತು.

ನಮ್ಮ ಜಿಲ್ಲೆಯದ್ದೇ ಒಂದು ಸರಿಯಾದ ವಾಕ್ಯ: ಆಲ್ದೋ ಮಳಖೇಡ ಈಸ್ ಎ ಸ್ಮಾಲ್ ಪ್ಲೇಸ್ ಟುಡೇ, ಇಟ್ ವಾಸ್ ಒನ್ಸ್ ದ ಕ್ಯಾಪಿಟಲ್ ಆಫ್ ದ ರಾಷ್ಟ್ರಕೂಟಾಸ್. ನಡುವೆ ಬಟ್ ಇಲ್ಲ, ಕಾಮಾ ಮಾತ್ರ. ಇನ್ನೊಂದು: ಬಿಕಾಸ್ ಅವರ್ ಬ್ಲ್ಯಾಕ್ ಸಾಯಿಲ್ ಹೋಲ್ಡ್ಸ್ ವಾಟರ್, ತೊಗರಿ ಗ್ರೋಸ್ ವೆಲ್ ಹಿಯರ್.

ಕೆಲವು ಜೋಡಿಗೆ ರಿಯಾಯಿತಿ ಇದೆ. "ಇಫ್... ದೆನ್" ಸರಿ. "ದೋ... ಯೆಟ್" ಕೂಡ ಸರಿ, ಸ್ವಲ್ಪ ಹಳೇ ಶೈಲಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಸಿಗುತ್ತದೆ.

ಹೆಜ್ಜೆ 4: ಕಾಲ ನೋಡಿ, ಇಲ್ಲಿ ನಿಧಾನ

ಇದಕ್ಕೆ ಸಮಯ ಕೊಡಿ. ಚೆನ್ನಾಗಿ ಇಂಗ್ಲಿಷ್ ಬರುವವರೂ ಇಲ್ಲಿ ಎಡವುತ್ತಾರೆ.

ಬಂದರೆ, ಹೋದರೆ, ಓದಿದರೆ. ಈ ಪದಗಳ ಹೊಟ್ಟೆಯೊಳಗೆ ನೋಡಿ: ಬಂದ, ಹೋದ, ಓದಿದ. ಭೂತಕಾಲದ ರೂಪ ಅಲ್ಲೇ ಕೂತಿದೆ. ನಾಳೆಯ ಮಾತಾಡುವಾಗಲೂ ಕನ್ನಡ "ನಾಳೆ ಅವನು ಬಂದರೆ" ಅಂತಲೇ ಹೇಳುತ್ತದೆ. ಹೀಗಾಗಿ ಕೆಲವರು "ಇಫ್ ಹಿ ಕೇಮ್ ಟುಮಾರೋ, ಐ ವಿಲ್ ಟೆಲ್ ಹಿಮ್" ಅಂತ ಬರೆಯುತ್ತಾರೆ. ಇನ್ನು ಕೆಲವರು, ನಾಳೆ ಅಲ್ವಾ, ವಿಲ್ ಇರಲಿ ಅಂತ "ಇಫ್ ಹಿ ವಿಲ್ ಕಮ್ ಟುಮಾರೋ" ಅನ್ನುತ್ತಾರೆ. ಎರಡೂ ಅಲ್ಲ. ಇಫ್ ಹಿ ಕಮ್ಸ್ ಟುಮಾರೋ, ಐ ವಿಲ್ ಟೆಲ್ ಹಿಮ್. ಮುಂದೆ ಆಗುವ ಸಂಗತಿಯಾದರೂ ಇಫ್, ವೆನ್, ಬಿಫೋರ್, ಆಫ್ಟರ್, ಅಂಟಿಲ್, ಆಸ್ ಸೂನ್ ಆಸ್ ಹಿಡಿದಿರುವ ತುಂಡಿನಲ್ಲಿ ವರ್ತಮಾನ ಕಾಲ. ವಿಲ್ ಇರುವುದು ಪ್ರಧಾನ ತುಂಡಿನಲ್ಲಿ ಮಾತ್ರ.

ನಮ್ಮ ಮನೆಗಳಲ್ಲಿ ಕೇಳುವ ಮಾತು ತಗೊಳ್ಳಿ. "ತೊಗರಿ ರಾಶಿ ಆದ ಮೇಲೆ ಅಕ್ಕನ ಮದುವೆ ಮಾಡ್ತೀವಿ." ರಾಶಿಯೂ ಇನ್ನೂ ಆಗಿಲ್ಲ, ಮದುವೆಯೂ ಆಗಿಲ್ಲ. ಆದರೂ ವಿಲ್ ಒಂದೇ ಸಲ: ಆಫ್ಟರ್ ದ ತೊಗರಿ ಹಾರ್ವೆಸ್ಟ್ ಈಸ್ ಓವರ್, ವಿ ವಿಲ್ ಹೋಲ್ಡ್ ಮೈ ಸಿಸ್ಟರ್ಸ್ ವೆಡಿಂಗ್.

ಹಾಗಾದರೆ "ಐ ಡೋಂಟ್ ನೋ ವೆನ್ ದ ಬಸ್ ವಿಲ್ ಕಮ್" ಅನ್ನುವುದು ತಪ್ಪೇ ಅಂತ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅದು ತಪ್ಪಲ್ಲ. ಇದಕ್ಕೆ ಪರೀಕ್ಷೆ ಕನ್ನಡದಲ್ಲೇ ಇದೆ. ಆ ವೆನ್ ಕನ್ನಡದಲ್ಲಿ "ಬಂದಾಗ" ಆಗುತ್ತದೋ, "ಯಾವಾಗ" ಆಗುತ್ತದೋ ನೋಡಿ. ಬಂದಾಗ ಆದರೆ ವಿಲ್ ಬೇಡ. ಯಾವಾಗ ಆದರೆ ವಿಲ್ ಇರಬಹುದು, ಯಾಕಂದರೆ ಅದು ವಾಕ್ಯದೊಳಗೆ ಅಡಗಿದ ಪ್ರಶ್ನೆ. ಇಫ್‌ಗೂ ಹೀಗೇ. "ಬಂದರೆ" ಆದರೆ ವಿಲ್ ಬೇಡ. "ಬರುತ್ತಾನೋ ಇಲ್ಲವೋ" ಆದರೆ ವಿಲ್ ಸರಿ: ಐ ಡೋಂಟ್ ನೋ ಇಫ್ ಹಿ ವಿಲ್ ಕಮ್. ಅಲ್ಲಿ ಇಫ್ ಬದಲು ವೆದರ್ ಅಂದರೆ ಇನ್ನೂ ಸ್ಪಷ್ಟ. ಅಡಗಿದ ಪ್ರಶ್ನೆಯಲ್ಲಿ ಪದಗಳ ಸಾಲು ಮಾತ್ರ ಸಾದಾ ವಾಕ್ಯದಂತೆಯೇ ಇರಬೇಕು. "ಐ ಡೋಂಟ್ ನೋ ವೆನ್ ವಿಲ್ ದ ಬಸ್ ಕಮ್" ಅನ್ನಬೇಡಿ.

"ಬಂದಿದ್ದರೆ ಹೋಗುತ್ತಿದ್ದೆ" ಅನ್ನುವ ಆಗದೇ ಹೋದ ಮಾತಿಗೆ ಹ್ಯಾಡ್ ಮತ್ತು ವುಡ್ ಹ್ಯಾವ್: ಇಫ್ ಹಿ ಹ್ಯಾಡ್ ಕಮ್, ಐ ವುಡ್ ಹ್ಯಾವ್ ಗಾನ್. ಅದು ಮೊದಲಿನ ಮೂರು ಹೆಜ್ಜೆ ಗಟ್ಟಿಯಾದ ಮೇಲೆ ಕಲಿಯಿರಿ, ಅವಸರ ಬೇಡ.

ಸಿನ್ಸ್ ಬಗ್ಗೆ ಒಂದು ಮಾತು. ಅದು "ಅಂದಿನಿಂದ" ಅಂತಲೂ ಆಗುತ್ತದೆ, "ಇರುವುದರಿಂದ" ಅಂತ ಕಾರಣವೂ ಆಗುತ್ತದೆ. ಅಂದಿನಿಂದ ಆದರೆ ಪ್ರಧಾನ ತುಂಡಿನಲ್ಲಿ ಸಾಮಾನ್ಯವಾಗಿ ಹ್ಯಾವ್ ಅಥವಾ ಹ್ಯಾಸ್ ಬರುತ್ತದೆ. ಸಿನ್ಸ್ ದ ಏರ್‌ಪೋರ್ಟ್ ಓಪನ್ಡ್ ಇನ್ 2019, ಮೈ ಅಂಕಲ್ ಹ್ಯಾಸ್ ಕಮ್ ಹೋಮ್ ಬೈ ಫ್ಲೈಟ್ ಟ್ವೈಸ್. ಊರಿನ ಹೆಸರು 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತಲ್ಲ, ಅದನ್ನೇ ಸಿನ್ಸ್ ಹಾಕಿ ನೀವೊಂದು ವಾಕ್ಯ ಮಾಡಿ ನೋಡಿ.

ಹೆಜ್ಜೆ 5: ಒಂದು "ಬಂದರೂ", ಎರಡು ಇಂಗ್ಲಿಷ್

ಕನ್ನಡದ "ರೂ" ಎರಡು ಕೆಲಸ ಮಾಡುತ್ತದೆ. ನಾವು ಅದನ್ನು ಗಮನಿಸುವುದೇ ಇಲ್ಲ. ಅಪ್ಪನ ಜಾತ್ರೆಯ, ಅಂದರೆ ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ, ಎರಡು ಮಾತು ನೋಡಿ.

"ನಾಳೆ ಬಿಸಿಲು ಜಾಸ್ತಿ ಇದ್ದರೂ ಅಪ್ಪನ ಜಾತ್ರೆಗೆ ಹೋಗ್ತೀನಿ." "ನಿನ್ನೆ ಬಿಸಿಲು ಜಾಸ್ತಿ ಇದ್ದರೂ ಅಪ್ಪನ ಜಾತ್ರೆಗೆ ಹೋದೆ."

ಎರಡರಲ್ಲೂ "ಇದ್ದರೂ". ಮೊದಲನೆಯದರಲ್ಲಿ ಬಿಸಿಲು ಇರಬಹುದು, ಇಲ್ಲದೆಯೂ ಇರಬಹುದು, ಗೊತ್ತಿಲ್ಲ. ಎರಡನೆಯದರಲ್ಲಿ ಬಿಸಿಲು ಇತ್ತು, ನೆತ್ತಿ ಸುಟ್ಟಿದ್ದೂ ನಿಜ. ಗೊತ್ತಿಲ್ಲದ್ದಕ್ಕೆ ಈವನ್ ಇಫ್, ನಿಜವಾಗಿ ಆದದ್ದಕ್ಕೆ ಈವನ್ ದೋ. ಈವನ್ ಇಫ್ ಇಟ್ ಈಸ್ ವೆರಿ ಹಾಟ್ ಟುಮಾರೋ, ಐ ವಿಲ್ ಗೋ ಟು ದ ಫೇರ್. ಈವನ್ ದೋ ಇಟ್ ವಾಸ್ ವೆರಿ ಹಾಟ್ ಯೆಸ್ಟರ್ಡೇ, ಐ ವೆಂಟ್ ಟು ದ ಫೇರ್. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅದು ನಿಜಕ್ಕೂ ಇದೆಯಾ, ಇದ್ದರೆ ಇರಲಿ ಅಂತ ಹೇಳುತ್ತಿದ್ದೇನಾ?

ಹೆಜ್ಜೆ 6: ಅಂಟಿಲ್, ಅನ್‌ಲೆಸ್ ಬಂದಲ್ಲಿ ನಾಟ್ ತೆಗೆಯಿರಿ

ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ಬೇಳೆ ಮಿಲ್ಲೊಂದರಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂಗೆ ಹೋಗಿದ್ದ. ಅನುಭವ ಇಲ್ಲವಲ್ಲ ಅಂತ ಅವರು ಕೇಳಿದಾಗ ಧೈರ್ಯ ಮಾಡಿ ಹೇಳಿದನಂತೆ, "ಅಂಟಿಲ್ ಯು ಡೋಂಟ್ ಗಿವ್ ಮಿ ಚಾನ್ಸ್, ಹೌ ಐ ವಿಲ್ ಲರ್ನ್?" ಎಷ್ಟು ಒಳ್ಳೆಯ ಮಾತು ಅದು. ಮಾತಿನ ತೂಕ ಎದುರಿಗಿದ್ದವರಿಗೆ ಪೂರ್ತಿ ಮುಟ್ಟಬೇಕಿತ್ತು. ಮನೆಗೆ ಬಂದು ನನಗೆ ಹೇಳುವಾಗ ಅವನ ಮುಖ ಚಿಕ್ಕದಾಗಿತ್ತು, ನನಗೂ ಸಂಕಟವಾಯಿತು.

ಇದೂ ಹಿಂದಿ, ಉರ್ದುವಿನ ಅಭ್ಯಾಸವೇ. ಇಂಥ ಮಾತಿನಲ್ಲಿ "ಜಬ್ ತಕ್" ಅಂದ ಮೇಲೆ ಸಾಮಾನ್ಯವಾಗಿ "ನಹೀ" ಬರುತ್ತದೆ. ಕನ್ನಡದಲ್ಲೂ "ಚಾನ್ಸ್ ಕೊಡದಿದ್ದರೆ" ಅನ್ನುವಾಗ "ಕೊಡದೆ" ಅನ್ನುವ ಇಲ್ಲ ಒಳಗಿದೆ. ಇಂಗ್ಲಿಷಿನಲ್ಲಿ ಆ ಇಲ್ಲ ಅನ್‌ಲೆಸ್ ಪದದೊಳಗೇ ಸೇರಿಕೊಂಡಿದೆ, ಮತ್ತೆ ನಾಟ್ ಹಾಕಿದರೆ ಅರ್ಥ ತಿರುಗಿ ಹೋಗುತ್ತದೆ. ಅಂಟಿಲ್ ಅಂದರೆ ಬರೀ ತನಕ. ಅದರೊಳಗೆ "ಇಲ್ಲ" ಅನ್ನುವ ಅರ್ಥ ಇಲ್ಲ, ಆದರೆ ಅದರ ಜೊತೆ "ಇಲ್ಲ" ಸೇರಿಸುವುದೂ ಬೇಡ.

ಕನ್ನಡದಲ್ಲಿ ಹೇಳಿ ನೋಡಿ. "ತನಕ" ಅಂತ ಬಂದರೆ ಅಂಟಿಲ್: ಐ ವಿಲ್ ವೇಟ್ ಹಿಯರ್ ಅಂಟಿಲ್ ಯು ಕಮ್. "ಇಲ್ಲದಿದ್ದರೆ, ಮಾಡದ ಹೊರತು" ಅಂತ ಬಂದರೆ ಅನ್‌ಲೆಸ್. ಆ ಹುಡುಗ ಹೇಳಬೇಕಿದ್ದದ್ದು ಹೀಗೆ: ಅನ್‌ಲೆಸ್ ಯು ಗಿವ್ ಮಿ ಎ ಚಾನ್ಸ್, ಹೌ ವಿಲ್ ಐ ಲರ್ನ್? ಅದನ್ನು ಅವನು ಆ ದಿನ ಹತ್ತು ಸಲ ಬರೆದ. ಮುಂದಿನ ಇಂಟರ್‌ವ್ಯೂಗೆ ಅದೇ ವಾಕ್ಯ ಇಟ್ಟುಕೊಂಡು ಹೋಗು ಅಂತ ಹೇಳಿದ್ದೇನೆ.

ಹೆಜ್ಜೆ 7: "ಅಂತ" ಯಾವ ಅಂತ?

ಕನ್ನಡಿಗರ ಬಾಯಲ್ಲಿ ದಿನಕ್ಕೆ ಎಷ್ಟು ಸಲ "ಅಂತ" ಬರುತ್ತದೆ ಎಣಿಸಿ ನೋಡಿ. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲ, ಕನಿಷ್ಠ ಮೂರು ಇವೆ.

ಹೇಳಿದ್ದನ್ನು ತಿಳಿಸುವ ಅಂತ ಆದರೆ ದ್ಯಾಟ್. "ನಾನು ಊರಿಗೆ ಹೋಗ್ತೀನಿ ಅಂತ ಅವ್ವ ಹೇಳಿದಳು." ಕನ್ನಡದಲ್ಲಿ ಅವ್ವನ "ನಾನು" ಹಾಗೇ ಉಳಿಯುತ್ತದೆ. "ಮೈ ಮದರ್ ಟೋಲ್ಡ್ ದ್ಯಾಟ್ ಐ ವಿಲ್ ಗೋ ಟು ದ ವಿಲೇಜ್" ಅಂತ ಬರೆದರೆ ಓದಿದವರು ಊರಿಗೆ ಹೊರಟವರು ನೀವೇ ಅಂದುಕೊಳ್ಳುತ್ತಾರೆ. ಮೈ ಮದರ್ ಸೆಡ್ ದ್ಯಾಟ್ ಶಿ ವುಡ್ ಗೋ ಟು ದ ವಿಲೇಜ್. ನಾನು ಹೋಗಿ ಅವಳು ಬಂತು, ವಿಲ್ ಹೋಗಿ ವುಡ್ ಬಂತು. ಟೋಲ್ಡ್ ಬೇಕೇ ಬೇಕು ಅಂದರೆ ಯಾರಿಗೆ ಅಂತಲೂ ಹೇಳಿ: ಟೋಲ್ಡ್ ಮಿ ದ್ಯಾಟ್.

ಕಾರಣದ ಅಂತ ಆದರೆ ಬಿಕಾಸ್. "ಬಸ್ ಸಿಗಲ್ಲ ಅಂತ ಬೇಗ ಹೊರಟೆ." ಐ ಲೆಫ್ಟ್ ಅರ್ಲಿ ಬಿಕಾಸ್ ಐ ಥಾಟ್ ಐ ವುಡ್ ಮಿಸ್ ದ ಬಸ್. ಇಲ್ಲಿ "ಐ ಥಾಟ್" ಬಿಡಬೇಡಿ, ಬಸ್ ನಿಜಕ್ಕೂ ತಪ್ಪಿರಲಿಲ್ಲ, ತಪ್ಪುತ್ತದೆ ಅಂತ ಅನ್ನಿಸಿತ್ತು ಅಷ್ಟೇ.

ಇನ್ನು ಉದ್ದೇಶದ ಅಂತ. ಸೇಡಂ ತಾಲ್ಲೂಕಿನ ಹಳ್ಳಿಯಿಂದ ಬಂದು ಇಲ್ಲಿ ಬಾಡಿಗೆ ಮನೆ ಮಾಡಿರುವ ತಾಯಿಯೊಬ್ಬರು, ಮಗನ ಜೊತೆ ಬಂದವರು, ಅವನ ಪಕ್ಕ ಕೂತು ಕೇಳುತ್ತಿದ್ದರು. ಉದಾಹರಣೆಗೆ ಒಂದು ವಾಕ್ಯ ಕೊಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗುರು ಓದ್ಲಿ ಅಂತ ಕಲಬುರಗಿಗೆ ಬಂದೀವ್ರಿ" ಅಂದರು. "ಓದಲಿ ಅಂತ", "ಆಗಲಿ ಅಂತ" ಬಂದರೆ ಸೋ ದ್ಯಾಟ್. ವಿ ಕೇಮ್ ಟು ಕಲಬುರಗಿ ಸೋ ದ್ಯಾಟ್ ಅವರ್ ಚಿಲ್ಡ್ರನ್ ಕುಡ್ ಸ್ಟಡಿ. ಮಗ ಅದನ್ನು ಬೋರ್ಡಿನ ಮೇಲೆ ಬರೆದು ಓದಿ ಹೇಳಿದ. ಅವರು ಎರಡು ಸಲ ಓದಿಸಿದರು.

ಅಭ್ಯಾಸ ಹೀಗೆ ಮಾಡಿ

ಪುಸ್ತಕದ ವಾಕ್ಯ ಬೇಡ. ಈ ದಿನ ನಿಮ್ಮ ಮನೆಯಲ್ಲಿ ಆಡಿದ ಮಾತಿನಲ್ಲಿ ಐದು ಹೆಕ್ಕಿ. "ರೊಟ್ಟಿ ಆರೋದ್ರೊಳಗ ತಿನ್ನು", "ಕರೆಂಟ್ ಬಂದ ಕೂಡ್ಲೇ ನೀರು ಬಿಡು", "ಅಪ್ಪ ಬರೋ ತನಕ ಓದು", ಹೀಗೆ. ಬಾಲಕ್ಕೆ ಗೆರೆ, ಬಾಣ, ಯಾರು ಅನ್ನುವ ಪ್ರಶ್ನೆ, ಒಂದೇ ಕೊಂಡಿ, ಕಾಲ. ಈಟ್ ದ ರೊಟ್ಟಿ ಬಿಫೋರ್ ಇಟ್ ಗೆಟ್ಸ್ ಕೋಲ್ಡ್. ಟರ್ನ್ ಆನ್ ದ ವಾಟರ್ ಆಸ್ ಸೂನ್ ಆಸ್ ದ ಕರೆಂಟ್ ಕಮ್ಸ್. ಸ್ಟಡಿ ಅಂಟಿಲ್ ಯುವರ್ ಫಾದರ್ ಕಮ್ಸ್. ಬರೆದ ಮೇಲೆ ಜೋರಾಗಿ ಓದಿ. ನಾಚಿಕೆಯಾದರೆ ಮಾಳಿಗೆ ಮೇಲೆ ಹೋಗಿ ಓದಿ, ಆದರೆ ಓದಿ.

ಆ ಹುಡುಗಿಯೂ ನನ್ನ ಮುಂದೆಯೇ ಕೂತು ತನ್ನ ಹಾಳೆಯಲ್ಲಿ ಎರಡು ಬಾಣ ಎಳೆದಳು, ಒಂದು ಸೋ ಹೊಡೆದು ಹಾಕಿದಳು, ಹೊಸ ಹಾಳೆ ತಗೊಂಡು ಬರೆದಳು:

"ಸಿನ್ಸ್ ಮೈ ಸಿಸ್ಟರ್ಸ್ ವೆಡಿಂಗ್ ಈಸ್ ಆನ್ ಸಂಡೇ, ಐ ಕೆನಾಟ್ ಅಟೆಂಡ್ ಕ್ಲಾಸಸ್ ಅಂಟಿಲ್ ಟ್ಯೂಸ್ಡೇ. ಐ ವಿಲ್ ಕಮ್ ಬ್ಯಾಕ್ ಆಸ್ ಸೂನ್ ಆಸ್ ದ ವೆಡಿಂಗ್ ಈಸ್ ಓವರ್."